ನಿನ್ನೆಯ ಬಿಸಿ

ಮನೆ ಹೊಸದು. ಕೋಣೆಗಳು ನಾಲ್ಕು.

ಪ್ರತಿ ಕೋಣೆಯ ಗೋಡೆಗೆ ಸೊಂಟದೆತ್ತರದ ಒಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒತ್ತಾಗಿ ಜೋಡಿಸಿದ ಇಟ್ಟಿಗೆಗಳು. ಅದು ಕರೆಂಟಿನ ಹೀಟರು.

ಪೆಟ್ಟಿಗೆಯ ನೆತ್ತಿಯ ಮೇಲೆ ತಿರುಗಿಸುವ ಗುಂಡಿಗಳು ಎರಡು, ಎಡಕ್ಕೊಂದು, ಬಲಕ್ಕೊಂದು. ಎರಡರ ಸುತ್ತಲೂ ಒಂದರಿಂದ ಆರರವರೆಗೆ ಅಂಕಿಗಳು. ಅಕ್ಷರ ಒಂದೂ ಇಲ್ಲ.

ಕರೆಂಟು ಬರುವುದು ಹಳ್ಳಿಯವರು ಹೊಳೆಗೆ ಕಟ್ಟಿಕೊಂಡ ಪುಟ್ಟ ವಿದ್ಯುದಾಗಾರದಿಂದ. ಹಗಲೆಲ್ಲ ಅದು ಹಳ್ಳಿಯ ಹಿಟ್ಟಿನ ಗಿರಣಿಗೆ, ಶಾಲೆಗೆ. ಮಠಕ್ಕೆ ಸಿಗುವುದು ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಮಾತ್ರ.

ಮಠವಿರುವುದು ಹಿಮಾಲಯದಲ್ಲಿ, ಕೇದಾರದ ದಾರಿಯಲ್ಲಿ, ಆ ಹೊಳೆಗಿಂತ ಬಹಳ ಎತ್ತರದ ಇಳಿಜಾರಿನ ಮೇಲೆ. ಕನ್ನಡದ ಯಾತ್ರಿಕರಿಗೆ ಅನ್ನ ಹಾಕುವುದು ಅದರ ಕೆಲಸ. ಚಳಿಗಾಲದಲ್ಲಿ ಅಲ್ಲಿ ಉಳಿಯುವವರು ಮೂವರು: ಗುರುಗಳು, ಅಡುಗೆಯ ನೀಲವ್ವ, ಶಿಷ್ಯ ವೃಷಭೇಂದ್ರ.

ನೀಲವ್ವ ಇಪ್ಪತ್ತಾರು ವರ್ಷ ಕಟ್ಟಿಗೆಯ ಒಲೆ ಊದಿದವಳು. ಅವಳ ಶ್ವಾಸಕೋಶದಲ್ಲಿ ಈಗ ಉಸಿರಿಗಿಂತ ಹೊಗೆಯೇ ಹೆಚ್ಚು. ವೈದ್ಯರು ಹೇಳಿದ್ದು ಎರಡೇ ಮಾತು: ಹೊಗೆ ಕೂಡದು, ಥಂಡಿ ಕೂಡದು. ಭಕ್ತರೊಬ್ಬರು ಈ ಮನೆ ಕಟ್ಟಿಸಿಕೊಟ್ಟದ್ದು ಅದಕ್ಕಾಗಿಯೇ.

ವೈದ್ಯರು ಮತ್ತೆ ಬರುವುದು ಮುಂದಿನ ಸೋಮವಾರ ಸಂಜೆ ಐದಕ್ಕೆ. ಆ ಹೊತ್ತಿನಲ್ಲಿ ಕೋಣೆ ಬೆಚ್ಚಗಿರದಿದ್ದರೆ ನೀಲವ್ವ ಅವರ ಜೀಪಿನಲ್ಲಿಯೇ ಕೆಳಗಿನ ಊರಿನ ಆಸ್ಪತ್ರೆಗೆ ಹೋಗಬೇಕು. ಚಳಿಗಾಲ ಮುಗಿಯುವವರೆಗೆ, ಭಾಷೆ ತಿಳಿಯದ ಜನರ ನಡುವೆ, ಒಬ್ಬಳೇ.

ಸಂಗತಿ ಇಷ್ಟು.

ಹೊಸ ಮನೆಗೆ ಬಂದ ಸೋಮವಾರ ಗುರುಗಳು ಹೇಳಿದರು: “ಈ ಪೆಟ್ಟಿಗಿ ನೀ ನೋಡ್ಕೊ, ತಮ್ಮಾ.”

“ಆಗಲಿ, ಅಜ್ಜಾರ. ಇದರಾಗೇನೈತಿ?”

ವೃಷಭೇಂದ್ರ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ವಿಶ್ವವಿದ್ಯಾಲಯಕ್ಕೇ ಎರಡನೆಯ ಸ್ಥಾನ ಪಡೆದವನು. ಮೊದಲನೆಯದು ತನಗೆ ಸಲ್ಲಬೇಕಾಗಿತ್ತೆಂಬ ಸಿಟ್ಟು ಎರಡು ವರ್ಷವಾದರೂ ಆರಿರಲಿಲ್ಲ.

ಬಾಗಿಲಲ್ಲಿ ವಿದ್ಯುದಾಗಾರದ ದೇವಸಿಂಗ ನಿಂತಿದ್ದ. ಮೊಣಕಾಲುದ್ದದ ರಬ್ಬರ್ ಬೂಟು, ಬೂಟಿನ ತುಂಬ ಕೆಸರು. ಯಾತ್ರಿಕರ ಸಹವಾಸದಿಂದ ಅವನಿಗೆ ಒಡ್ಡೊಡ್ಡಾದ ಕನ್ನಡ ಬರುತ್ತಿತ್ತು.

“ಭಯ್ಯಾ, ಎಡ ಬೇರೆ, ಬಲ ಬೇರೆ. ನಾನು ತೋರಿಸು?”

“ನಾ ಎಂ.ಎಸ್ಸಿ. ಓದೇನಿ. ನೀ ಮೊದಲ ಬೂಟು ಹೊರಗ ಬಿಡು. ಹೊಸಾ ನೆಲ ಹೊಲಸಾಗತೈತಿ.”

ದೇವಸಿಂಗ ತನ್ನ ಬೂಟುಗಳನ್ನೊಮ್ಮೆ ನೋಡಿಕೊಂಡ. “ಆಯಿತು, ಭಯ್ಯಾ” ಎಂದವನೇ ಇಳಿಜಾರು ಹಿಡಿದು ಹೊರಟುಹೋದ.

ಒಳಗೆ ಮನೆ ಹದವಾಗಿ ಬೆಚ್ಚಗಿತ್ತು. ನೀಲವ್ವ ಹಾಸಿಗೆಯ ಮೇಲೆ ಕುಳಿತು ಅಂಗೈಯನ್ನು ಪೆಟ್ಟಿಗೆಗೆ ಒತ್ತಿದಳು.

“ಕೂಸಿನ ಮೈ ಮುಟ್ಟಿದಂಗ ಆಗತೈತಿ, ಯಪ್ಪಾ.”

ವೃಷಭೇಂದ್ರ ಬಲಗುಂಡಿಯನ್ನು ಆರಕ್ಕೆ ತಿರುಗಿಸಿದ. ಬಿಸಿಗಾಳಿ ಭರ್ರನೆ ಬಂದಿತು. ಇಷ್ಟು ಬಿಸಿಯಿರುವಾಗ ಎಡದ್ದೇಕೆ ಎಂದುಕೊಂಡು ಅದನ್ನು ಎರಡಕ್ಕೆ ಇಳಿಸಿದ.

ಮಂಗಳವಾರ ಮಧ್ಯಾಹ್ನಕ್ಕೇ ಪೆಟ್ಟಿಗೆ ತಣ್ಣಗಾಯಿತು. ಸಂಜೆಗೆ ನೀಲವ್ವನ ಕೆಮ್ಮು ಏರಿತು. ವೃಷಭೇಂದ್ರ ಎಡಗುಂಡಿಯನ್ನು ಆರಕ್ಕೆ ತಿರುಗಿಸಿದ. ಏನೂ ಆಗಲಿಲ್ಲ. ಪೆಟ್ಟಿಗೆಗೆ ಕಾಲಿನಿಂದ ಒದ್ದ. ಆಗಲೂ ಏನೂ ಆಗಲಿಲ್ಲ, ಅವನ ಹೆಬ್ಬೆರಳಿನ ಹೊರತು.

ಬುಧವಾರ ಬೆಳಗಿನ ನಾಲ್ಕಕ್ಕೆ ಮೂವರೂ ಪೂಜೆಗೆ ಕುಳಿತಾಗ ಕೋಣೆ ರೊಟ್ಟಿಯ ಹಂಚಿನಂತೆ ಕಾದಿತ್ತು. ಗುರುಗಳ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು.

“ಈ ಪೆಟ್ಟಿಗಿಗೆ ಬುದ್ಧಿ ಇಲ್ಲ, ಅಜ್ಜಾರ. ನಿನ್ನೆ ಕೇಳಿದ್ರ ಕೊಡಲಿಲ್ಲ, ಇವತ್ತ ಬ್ಯಾಡ ಅಂದ್ರೂ ಕೊಡತೈತಿ.”

“ಹೌದೇನು?” ಎಂದರು ಗುರುಗಳು, ಮೂಗು ಒರೆಸಿಕೊಳ್ಳುತ್ತ.

ಅವನು ಕಿಟಕಿ ತೆರೆದ. ಎಡಗುಂಡಿಯನ್ನು ಒಂದಕ್ಕೆ ಇಳಿಸಿದ.

ಗುರುವಾರ ಬೆಳಗಾಗುವಾಗ ಚೊಂಬಿನಲ್ಲಿದ್ದ ನೀರಿನ ಮೇಲೆ ತೆಳುವಾದ ಹಿಮ ಕಟ್ಟಿತ್ತು. ನೀಲವ್ವ ಮೂರು ಕಂಬಳಿಯ ಕೆಳಗಿದ್ದಳು. ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಅವಳಿಗೆ ಎರಡು ಉಸಿರು ಬೇಕಾಗುತ್ತಿತ್ತು.

“ನನ್ನ ಗಂಟು ಕಟ್ಟಿಡು, ತಮ್ಮಾ. ಸೋಮವಾರ ಅವಸರ ಆಗತೈತಿ.”

ವೃಷಭೇಂದ್ರನಿಗೆ ಅವಳ ಮುಖ ನೋಡಲಾಗಲಿಲ್ಲ. ನೇರವಾಗಿ ಗುರುಗಳ ಬಳಿಗೆ ಹೋದ.

“ಅಜ್ಜಾರ, ಪೆಟ್ಟಿಗಿ ಕೆಟ್ಟೈತಿ. ಹೊಸಾದು ತರಸ್ರಿ.”

“ಮೊದಲ ಊಟ ಹಾಕು. ಹಸಿವಾಗೇತಿ.”

ನೀಲವ್ವ ಹಾಸಿಗೆ ಹಿಡಿದಂದಿನಿಂದ ಅಡುಗೆ ಅವನದೇ. ಅಂದು ರೊಟ್ಟಿ, ಮಡಕಿಕಾಳಿನ ಉಸುಳಿ. ಗುರುಗಳು ತಾಟು ಖಾಲಿ ಮಾಡಿದರು.

“ಇನ್ನೊಂದು ಸ್ವಲ್ಪ ಉಸುಳಿ ಹಾಕು.”

“ಮುಗೀತ್ರಿ, ಅಜ್ಜಾರ.”

“ಡಬ್ಬಿ ತುಂಬ ಕಾಳು ಅದಾವಲ್ಲ.”

“ಅವು ಒಣಾ ಕಾಳು. ನೆನೆದಿಲ್ಲ.”

“ಹಂಗಾದ್ರ ನೆನಿ ಹಾಕು. ನಾ ಕುಂತಿರತೀನಿ.”

ವೃಷಭೇಂದ್ರ ಕಾಳುಗಳನ್ನು ನೀರಿಗೆ ಹಾಕಿದ. ಗುರುಗಳು ಕುಳಿತೇ ಇದ್ದರು, ಎಂಜಲುಗೈ ತಾಟಿನ ಅಂಚಿನ ಮೇಲೆ. ಅರ್ಧ ಗಂಟೆಯಾಯಿತು. ಕೈಯ ಮೇಲಿನ ಉಸುಳಿ ಒಣಗಿತು.

“ಅಜ್ಜಾರ, ಏಳ್ರಿ. ಈಗ ಹಾಕಿದ್ದು ನಾಳಿಗೆ.”

“ಇನ್ನಷ್ಟು ಕಾಳು ಹಾಕಿದ್ರ?”

“ಎಷ್ಟು ಹಾಕಿದ್ರೂ ನಾಳಿಗೇ ರೀ!”

“ಮತ್ತ ಇವತ್ತ ನಾ ತಿಂದದ್ದು?”

“ನಿನ್ನೆ ಹಾಕಿದ್ದು.”

“ಯಾರು ಹಾಕಿದ್ರು?”

ವೃಷಭೇಂದ್ರ ಕಾಳಿನ ಡಬ್ಬಿಯ ಕಡೆ ನೋಡಿದ. ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಕಾಳು ನೆನೆದಿರುತ್ತಿದ್ದವು. ದಿನವೂ ನೆನೆದಿರುತ್ತಿದ್ದವು. ಅದನ್ನು ಅವನು ಕಾಳಿನ ಸ್ವಭಾವವೆಂದೇ ತಿಳಿದಂತಿತ್ತು.

ಒಳಗಿನಿಂದ ಕೆಮ್ಮು ಕೇಳಿಸಿತು. ಕೆಮ್ಮಿನ ಹಿಂದೆಯೇ ನೀಲವ್ವನ ದನಿ. “ನಾನ ಹಾಕೀನಿ ಬಿಡ್ರಿ. ಮಲಗೂಮುಂದ ಒಂದು ಹಿಡಿ ಕಾಳು ನೀರಿಗೆ ಹಾಕಾಕ ಏನು ದೊಡ್ಡ ಪಂಚಾಯ್ತಿ?”

ವೃಷಭೇಂದ್ರ ಗೋಡೆಯ ಪೆಟ್ಟಿಗೆಯ ಕಡೆ ತಿರುಗಿದ. ಎಡಗುಂಡಿಯನ್ನು ನೋಡಿದ.

“ಎಡಗಡೆದು ನಾಳಿಂದು” ಎಂದ, ತನಗೇ ಎಂಬಂತೆ. “ನಾ ಇವತ್ತಿನ ಥಂಡಿಗೆ ನಾಳಿಂದು ತಿರುಗಿಸಿ, ಇವತ್ತ ಬರಲಿಲ್ಲಂತ ಸಿಟ್ಟಿಗೆದ್ದೆ.”

ಗುರುಗಳು ಎದ್ದರು. ಕೈ ತೊಳೆಯಲು ಹೋಗುವ ದಾರಿಯಲ್ಲಿ ಒಂದು ಗಳಿಗೆ ನಿಂತರು.

“ನಾವು ಬಂದ ದಿನ ಈ ಮನಿ ಬೆಚ್ಚಗಿತ್ತಲ್ಲ, ತಮ್ಮಾ?”

ಅಷ್ಟು ಹೇಳಿ ಹೋದರು.

ವೃಷಭೇಂದ್ರ ಕಂಬಳಿ ಹೊದ್ದು ಹೊಳೆಯತ್ತ ಇಳಿದ. ಮಂಜು ಮೊಣಕಾಲಿನವರೆಗೆ ಇತ್ತು. ಇಳಿಯಲು ಒಂದು ತಾಸು ಹಿಡಿಯಿತು. ಹತ್ತುವವನಿಗೆ ಎರಡು ತಾಸು ಬೇಕು ಎಂದು ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿದ.

ವಿದ್ಯುದಾಗಾರದ ಹೊಸ್ತಿಲಲ್ಲಿ ಬೂಟು ಬಿಚ್ಚಲು ಬಗ್ಗಿದ.

“ಬೇಡ, ಭಯ್ಯಾ!” ಒಳಗಿನಿಂದ ದೇವಸಿಂಗ ಕೂಗಿದ. “ಇಲ್ಲಿ ಬೂಟು ಬೇಕು. ನೆಲ ನೀರು. ಶಾಕ್ ಹೊಡೆಯುತ್ತೆ, ನೀನು ಕೈಲಾಸ.”

“ಹೋದ ಭಾನುವಾರ ನಮ್ಮ ಮನಿ ಹೀಟರ್ ಯಾರು ಹಚ್ಚಿದ್ರು?”

“ನಾನು. ಸೋಮವಾರ ಅವ್ವ ಬರುತ್ತೆ, ಮನೆ ತಣ್ಣಗೆ ಇದ್ದರೆ ಹೇಗೆ? ಅವ್ವ ನನಗೆ ಹನ್ನೆರಡು ವರ್ಷ ರೊಟ್ಟಿ ಹಾಕಿದೆ.”

ಸೋಮವಾರ ಇಳಿಯುವಾಗ ಆಡಬಹುದಾಗಿದ್ದ ಈ ಮಾತನ್ನು ಅವನು ಆಡಿರಲಿಲ್ಲ. ಕೇಳಿದವರೂ ಇರಲಿಲ್ಲ.

ವೃಷಭೇಂದ್ರ ಕೈ ಮುಗಿದ. ಓದಿದ ವಿದ್ಯೆಗೆ ತಕ್ಕ ವಾಕ್ಯವೊಂದನ್ನು ಹುಡುಕಿದ. ಸಿಗಲಿಲ್ಲ.

“ನನಗ ಗೊತ್ತಿಲ್ರಿ” ಎಂದ. “ಕಲಿಸ್ರಿ.”

ದೇವಸಿಂಗ ಸ್ಟೂಲು ಎಳೆದು ಕೊಟ್ಟ. ಕಲಿಸಿದ್ದು ಐದು ನಿಮಿಷ.

“ಎಡ ನಾಳೆಗೆ. ರಾತ್ರಿ ಕರೆಂಟು ಬಂದಾಗ ಇಟ್ಟಿಗೆ ಎಷ್ಟು ಕಾಯಬೇಕು, ಅದು. ಮಲಗುವ ಮುಂಚೆ ಕೇಳಬೇಕು, ನಾಳೆ ಎಷ್ಟು ಚಳಿ? ಅಷ್ಟು ತಿರುಗಿಸು. ಬಲ ಇವತ್ತಿಗೆ. ಅದು ಬಾಗಿಲು ಇದ್ದ ಹಾಗೆ. ಬೆಳಿಗ್ಗೆ ಒಂದರಲ್ಲಿ ಇಡು. ಮಧ್ಯಾಹ್ನ ಮೂರು ಗಂಟೆಗೆ ತೆರೆ. ಮಲಗುವಾಗ ಮುಚ್ಚು. ಬೆಳಿಗ್ಗೆಯೇ ಎಲ್ಲ ಬಿಸಿ ತಿಂದರೆ, ಸಂಜೆ ಬರೀ ಇಟ್ಟಿಗೆ.”

“ನಾಳೆ ಚಳಿ ಎಷ್ಟಂತ ಹೆಂಗ ತಿಳಿಬೇಕು?”

“ಅವ್ವನಿಗೆ ಕೇಳು. ಅವ್ವನ ಮೊಣಕಾಲಿಗೆ ಎಲ್ಲ ಗೊತ್ತು.”

ಶುಕ್ರವಾರ ಬೆಳಗಿನ ಪೂಜೆಗೆ ಬಲಗುಂಡಿ ಒಂದರಲ್ಲಿತ್ತು. ಗುರುಗಳ ಹಲ್ಲು ಕಟಕಟ ಎನ್ನುತ್ತಿದ್ದವು. ವೃಷಭೇಂದ್ರನ ಕೈ ಮೂರು ಸಲ ಗುಂಡಿಯ ಕಡೆ ಹೋಗಿ, ಮೂರು ಸಲವೂ ಹಿಂದಕ್ಕೆ ಬಂದಿತು.

“ಸಂಜಿಗೆ ಅವ್ವಗ ಬೇಕ್ರಿ, ಅಜ್ಜಾರ.”

“ನಾ ಏನರ ಅಂದೆನೇನು?” ಎಂದರು ಗುರುಗಳು, ಕಟಕಟದ ನಡುವೆ.

ಅಂದು ಸಂಜೆ ಕೋಣೆ ಬೆಚ್ಚಗಿತ್ತು. ಶನಿವಾರವೂ ಇತ್ತು. ಕೆಮ್ಮು ಒಂದು ಮೆಟ್ಟಿಲು ಕೆಳಗಿಳಿಯಿತು.

ಭಾನುವಾರ ಆಕಾಶ ತೊಳೆದಿಟ್ಟಂತಿತ್ತು. ಬಿಸಿಲು ಚೆನ್ನಾಗಿ ಬಿದ್ದು, ಹೊಳೆಯ ದಂಡೆಯ ಮಂಜು ಕರಗಿತ್ತು. ಸಂಜೆ ವೃಷಭೇಂದ್ರ ಗಾಳಿ ನೋಡಿದ, ಮೋಡ ಹುಡುಕಿದ, ಎಡಗುಂಡಿಯನ್ನು ಮೂರಕ್ಕೆ ಇಟ್ಟ. ಆಮೇಲೆ ನೀಲವ್ವನ ಹಾಸಿಗೆಯ ಬಳಿ ಕುಳಿತ.

“ಅವ್ವಾ, ನಾಳಿ ಹೆಂಗ?”

ಅವಳು ಮೊಣಕಾಲು ಒತ್ತಿಕೊಂಡಳು. “ಹಿಂಡಾಕತ್ತೇತಿ, ಯಪ್ಪಾ. ಮಂಜು ಬೀಳತೈತಿ. ಆರಕ್ಕ ಇಡು.”

ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ. ಒಂದು ವಾರದ ಹಿಂದಾಗಿದ್ದರೆ ಅವನು ನಕ್ಕುಬಿಡುತ್ತಿದ್ದ.

ಎದ್ದು ಹೋಗಿ ಆರಕ್ಕೆ ಇಟ್ಟ. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಹಿಡಿ ಕಾಳು ನೀರಿಗೆ ಹಾಕಿದ.

“ಏ, ಅದು ನನ್ನ ಕೆಲಸ” ಎಂದಳು ನೀಲವ್ವ ಒಳಗಿನಿಂದ.

“ಇಷ್ಟು ದಿನ ಮಾಡಿದ್ಯಲ್ಲ, ಅವ್ವಾ” ಎಂದ. ಪಾತ್ರೆಯ ಮೇಲೆ ತಾಟು ಮುಚ್ಚಿದ.

ಸೋಮವಾರ ಬೆಳಗಿನಿಂದ ಮಂಜು ಬಿದ್ದಿತು. ಎದುರಿನ ಬೆಟ್ಟ ಕಾಣದಾಯಿತು. ಸಂಜೆ ಐದಕ್ಕೆ ಜೀಪಿನ ಸದ್ದು ಕೇಳಿಸಿತು. ನೀಲವ್ವ ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

ವೈದ್ಯರು ಕೋಣೆಯೊಳಗೆ ಕಾಲಿಟ್ಟರು. ಒಮ್ಮೆಲೇ ಅವರ ಕನ್ನಡಕದ ಗಾಜುಗಳು ಹಬೆಗಟ್ಟಿ ಬೆಳ್ಳಗಾದವು. ಏನೂ ಕಾಣದೆ ನಿಂತರು. ಕನ್ನಡಕ ತೆಗೆದು ಒರೆಸಿದರು. ಸ್ವೆಟರಿನ ಗುಂಡಿ ಬಿಚ್ಚಿದರು. ನೀಲವ್ವನ ಬೆನ್ನಿಗೆ ಕೊಳವೆ ಒತ್ತಿ ಬಹಳ ಹೊತ್ತು ಆಲಿಸಿದರು.

ಆಮೇಲೆ ಹಿಂದಿಯಲ್ಲಿ ಒಂದೇ ವಾಕ್ಯ ಹೇಳಿದರು.

“ಏನಂತ, ತಮ್ಮಾ?” ನೀಲವ್ವ ಗಂಟು ಬಿಡದೆ ಕೇಳಿದಳು.

“ಇಲ್ಲೇ ಇರಲಿ ಅಂತ, ಅವ್ವಾ.”

ಅವಳು ಗಂಟನ್ನು ಅವನ ಕೈಗೆ ಕೊಟ್ಟಳು. “ಹಂಗಾದ್ರ ಬಿಚ್ಚು. ಒಳಗ ನನ್ನ ಎಲಿ-ಅಡಿಕಿ ಚೀಲ ಐತಿ.”

ಮರುದಿನ ಮಧ್ಯಾಹ್ನ ವೃಷಭೇಂದ್ರ ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದ. ಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸುವುದು ಅವನ ಎಣಿಕೆ. ಎಡದ್ದು ಯಾವುದಕ್ಕೆ, ಬಲದ್ದು ಯಾವುದಕ್ಕೆ, ಯಾವ ಹೊತ್ತಿಗೆ ಎಷ್ಟು. ಅಕ್ಷರ ದುಂಡಗೆ, ಸಾಲು ನೆಟ್ಟಗೆ. ತಪ್ಪು ಒಂದೂ ಇರಲಿಲ್ಲ.

ಗುರುಗಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು.

“ಒಂದು ಸಾಲು ಕಡಿಮಿ ಐತಿ.”

“ಏನ್ ಬಿಟ್ಟೇನ್ರಿ, ಅಜ್ಜಾರ? ಕಿಟಕಿ ಮುಚ್ಚೋದೂ ಬರದೇನಿ.”

“ಇದನ್ನ ಯಾರು ಓದತಾರ?”

“ಮುಂದ ಈ ಮನ್ಯಾಗ ಇರೋರು.”

“ಓದಿ ಏನ್ ಮಾಡತಾರ?”

“ಬೆಚ್ಚಗ ಇರತಾರ.”

“ಆಮ್ಯಾಲೆ?”

ವೃಷಭೇಂದ್ರ ಪೆನ್ನು ಹಿಡಿದು ಕಾದ.

ಗುರುಗಳು ಹಾಳೆಯನ್ನು ಅವನ ಮುಂದೆ ಇಟ್ಟರು.

“ಬರಿ: ‘ಓದಿ ಬೆಚ್ಚಗಾದವರು ಇಲ್ಲೇ ಕುಂತುಬಿಡಬ್ಯಾಡ್ರಿ, ಇನ್ನೂ ಥಂಡ್ಯಾಗ ಇದ್ದವರಿಗೆ ಹೋಗಿ ಹೇಳ್ರಿ.’”