ಬಿಸಿಲಹೊಂಡಕ್ಕೆ ಆ ಹೆಸರು ಬಂದದ್ದು

ಹೇಳುವುದರಲ್ಲಿ ತಪ್ಪಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಹಿರಿಯರ ಬಾಯಲ್ಲಿ ಕೇಳಿದ್ದನ್ನು ಕಾಗದಕ್ಕಿಳಿಸುವುದು ಇದೇ ಮೊದಲು. ನಮ್ಮ ಕೆಂಚರಾಯನ ಗುಡ್ಡದ ನೆತ್ತಿಯಲ್ಲಿ ಬಿಸಿಲಹೊಂಡವಿದೆ. ಹೊಂಡವೆಂದರೆ ಯಾರೋ ಅಗೆದದ್ದಲ್ಲ, ಬಂಡೆಯಲ್ಲಿ ತಾನಾಗಿ ಆದ ತಗ್ಗು. ಮಳೆನೀರು ಅದರಲ್ಲಿ ವರ್ಷವಿಡೀ ನಿಲ್ಲುತ್ತದೆ. ಸುತ್ತ ಒಂದೂ ಮರವಿಲ್ಲ. ದಂಡೆಯುದ್ದಕ್ಕೂ ಒರಳಿನಂಥ ಕುಳಿಗಳಿವೆ. ನೋಡಲು ಬಂದವರು ಅಲ್ಲಿ ಧಾನ್ಯ ಕುಟ್ಟುತ್ತಿದ್ದರೆಂದು ತಿಳಿಯುತ್ತಾರೆ. ಹಾಗಲ್ಲ, ಅವು ಕಂಬ ನಿಲ್ಲಿಸಿದ ಕುಳಿಗಳು. ಕಂಬ ಏಕೆ ಎಂಬುದನ್ನೇ ಈಗ ಹೇಳಬೇಕಾಗಿದೆ.

ಹಿಂದೆ ಒಮ್ಮೆ, ಗುಡ್ಡದ ಮೇಲೆ ಕೋಟೆಯಿದ್ದ ಕಾಲದಲ್ಲಿ, ಗಾದ್ರಯ್ಯನೆಂಬ ನೀರಗಂಟಿ ಇದ್ದನಂತೆ. ನೀರಗಂಟಿ ಎಂದರೆ ನೀರು ಕಾಯುವವನು, ಮನೆಮನೆಗೆ ಅಳೆದು ಹಂಚುವವನು. ಕೋಟೆಯಲ್ಲಿ ಮಗು ಹುಟ್ಟಿದರೆ ಅದರ ಹೆಸರು ಹೇಳಿ ಹೊಂಡಕ್ಕೆ ಒಂದು ಮೀನಿನ ಮರಿ ಬಿಡುವುದು ಅಲ್ಲಿನ ಪದ್ಧತಿ. ಮೀನು ಬಾಳಿದಂತೆ ಮಗು ಬಾಳುತ್ತದೆಂದು ನಂಬಿಕೆ. ಆ ಮೀನುಗಳನ್ನು ಯಾರೂ ತಿನ್ನುತ್ತಿರಲಿಲ್ಲ. ಗಾದ್ರಯ್ಯನಿಗೆ ತಲೆ ನರೆತ ಮೇಲೆ ಹುಟ್ಟಿದವಳು ಸಿರಿಯವ್ವ. ಅವಳ ಮೀನಿನ ಬಾಲದಲ್ಲಿ ಹುಣಸೆಬೀಜದಂಥ ಕಪ್ಪು ಮಚ್ಚೆ. ಬೆಳಗಾದರೆ ಆ ಮಚ್ಚೆ ಕಂಡ ಮೇಲೆಯೇ ಅವನು ಕೊಡ ಮುಳುಗಿಸುತ್ತಿದ್ದನು.

ಒಂದು ಬೇಸಿಗೆಯಲ್ಲಿ ನೀರು ಬೇಗಬೇಗ ಇಳಿಯತೊಡಗಿತು. ಬಿಸಿಲು ನೀರನ್ನು ಕುಡಿಯುತ್ತಿದೆ, ಹೊಂಡಕ್ಕೆ ಚಪ್ಪರ ಹಾಕಬೇಕೆಂದು ಗಾದ್ರಯ್ಯನಿಗೆ ಹೊಳೆಯಿತು. ಹೆಂಡತಿ ಮಾರಕ್ಕ ನಕ್ಕಳು. “ಹೊಂಡಕ್ಕೇನು ಮದುವೆಯೇ?”

“ನಗು, ನಗು. ನೀರು ಉಳಿದ ದಿನ ನೀನೇ ನನ್ನ ಕಾಲು ತೊಳೀತೀಯ.”

“ತೊಳೆಯೋಕೆ ನೀರು ಕೊಡ್ತೀಯೇನೋ, ಜುಗ್ಗ!”

ಕೋಟೆಯ ಒಡೆಯ ಪಾಳೆಯಗಾರ ಈ ಉಪಾಯ ಮೆಚ್ಚಿ ಅವನಿಗೆ ಕಂಬಳಿ ಹೊದಿಸಿದನು. ಕಂಬಗಳೆದ್ದವು, ಈಚಲು ಚಾಪೆಗಳ ಹೊದಿಕೆ ಬಿತ್ತು. ನೀರಿನ ಇಳಿತ ತಗ್ಗಿತು. ಅಷ್ಟರಮಟ್ಟಿಗೆ ಗಾದ್ರಯ್ಯನ ಲೆಕ್ಕ ಸರಿಯೇ. ಆದರೆ ಕತ್ತಲಲ್ಲಿ ಪಾಚಿ ಹಳದಿಯಾಯಿತು, ಆಮೇಲೆ ಕಪ್ಪಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. ಹಸಿವೆಂದು ಹಿಟ್ಟು ಚೆಲ್ಲಿದನು, ಮೂಸಲಿಲ್ಲ. ಪಾಚಿಯೇ ವಿಷವೆಂದು ತಾನೇ ನೀರಿಗಿಳಿದು, ಉಳಿದಿದ್ದ ಹಸಿರನ್ನೂ ಸೇರಿಸಿ ಕಿತ್ತೆಸೆದನು. ಮರುದಿನ ಹೊಂಡದ ತುಂಬ ಬಿಳಿ ಹೊಟ್ಟೆಗಳು. ತಾಯಂದಿರು ಬಂದು ದಂಡೆಯಲ್ಲಿ ಬಗ್ಗಿ ತಮ್ಮತಮ್ಮ ಮಕ್ಕಳ ಮೀನು ಹುಡುಕಿದರು.

ಒಂದು ಮೂಲೆಯಲ್ಲಿ ಚಾಪೆ ಹರಿದು ಮೊರದಗಲ ಬಿಸಿಲು ಬಿದ್ದಿತ್ತು. ಅಲ್ಲಿ ಬಂಡೆಯ ಸೀಳಿನಲ್ಲಿ ಅವನ ಕೈಗೆ ಸಿಗದೆ ಉಳಿದ ಚೂರು ಪಾಚಿ. ಅದರಿಂದ ಮುತ್ತಿನಂತೆ ಗುಳ್ಳೆಗಳು ಏಳುತ್ತಿದ್ದವು. ಬದುಕಿದ್ದ ಮೀನುಗಳೆಲ್ಲ ಅಲ್ಲಿಯೇ ಒತ್ತೊತ್ತಾಗಿ ನಿಂತಿದ್ದವು, ಮಚ್ಚೆಯದೂ. ಗಾದ್ರಯ್ಯ ಓಡಿಹೋಗಿ ಚಪ್ಪರ ಕೀಳಿಸಬೇಕೆಂದು ಬೇಡಿದನು.

“ಹಾಕಿಸಿದವನೂ ನೀನೇ,” ಎಂದನು ಪಾಳೆಯಗಾರ. “ಜನಕ್ಕೆ ನೀರು ಬೇಕೋ, ಮೀನು ಬೇಕೋ?”

ನೆರಳು ಹೇಗೆ ಕೊಲ್ಲುತ್ತದೆಂದು ಹೇಳಲು ಅವನಿಗೆ ಬರಲಿಲ್ಲ. ಕಾವಲಿನವರು ಚಾಪೆ ಕೀಳಗೊಡಲಿಲ್ಲ. ಗಾದ್ರಯ್ಯ ಹರುಕಿನ ಅಂಚನ್ನು ಕೋಲಿನಿಂದ ಎತ್ತಿ ಹಿಡಿದು, ಸೂರ್ಯ ಸರಿದಂತೆ ತಾನೂ ಸರಿಯುತ್ತ ನಿಂತನು. ಸಂಜೆಯಾಗಿ ಗುಳ್ಳೆಗಳು ನಿಂತವು. ಕೊನೆಗೆ ನೀರೇ ನಾರಿ ಬಾಯಿಗಿಡಲಾಗದೆ ಹೋದಾಗ ಪಾಳೆಯಗಾರನೇ ಚಪ್ಪರ ಕೀಳಿಸಿದನು. ಮಚ್ಚೆಯ ಮೀನು ಸತ್ತವುಗಳಲ್ಲಿ ಸಿಗಲಿಲ್ಲ, ಉಳಿದ ಕೆಲವುಗಳಲ್ಲಿಯೂ ಕಾಣಲಿಲ್ಲ. ಸಿರಿಯವ್ವ ಮುಪ್ಪಿನವರೆಗೆ ಬಾಳಿದಳು ಎನ್ನುತ್ತಾರೆ. ಆದರೆ ಗಾದ್ರಯ್ಯ ಇದ್ದಷ್ಟು ದಿನವೂ, ಅವಳು ಸೀನಿದರೆ ಸಾಕು, ಹೊಂಡಕ್ಕೆ ಓಡಿ ನೀರಲ್ಲಿ ಹುಡುಕುತ್ತಿದ್ದನಂತೆ.

ಅಂದಿನಿಂದ ಅದು ಬಿಸಿಲಹೊಂಡ. ಇಂದಿಗೂ ದಂಡೆಯಲ್ಲಿ ಮರ ನೆಡುವುದಿಲ್ಲ, ಕೊಡೆ ಬಿಚ್ಚುವುದಿಲ್ಲ. ಮಧ್ಯಾಹ್ನ ಬಗ್ಗಿ ನೋಡಿದರೆ ಗುಳ್ಳೆಗಳು ಕಾಣುತ್ತವೆ. ಅವು ಏಕೆಂದರೆ, ಪಾಚಿಗೆ ಬಿಸಿಲೇ ಒಲೆ. ಅದು ತನ್ನ ಅಡುಗೆ ಮಾಡಿಕೊಳ್ಳುವಾಗ ಬಿಡುವ ಗಾಳಿಯೇ ಮೀನಿನ ಉಸಿರು. ಮೀನಿಗಷ್ಟೇ ಅಲ್ಲ, ನಾವು ಈಗ ಎಳೆದುಕೊಳ್ಳುತ್ತಿರುವ ಉಸಿರೂ ಎಲ್ಲೋ ಒಂದು ಹಸಿರು— ತಡೆಯಿರಿ, ಹೊರಗಿನಿಂದ ಯಾರೋ ನನ್ನನ್ನು ಕೂಗುತ್ತಿದ್ದಾರೆ: “ಅಣ್ಣಾ, ಬೇಗ ಬಾ! ಯಾರೋ ಹೊಂಡದ ಹತ್ತಿರ ಕೊಡೆ ಬಿಚ್ಚಿದ್ದಾರೆ!”