ಬಾಗಿಲ ಬೇವು ಕಿತ್ತ ನರಿ

ಒಂದು ಕಾಡಿನಲ್ಲಿ ಯಾರ ಮನೆಯಲ್ಲಿ ಜ್ವರ ಬಂದರೂ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವ ಪದ್ಧತಿ ಇತ್ತು. ಗೊರವಂಕ ಹಕ್ಕಿ ದಿನಾ ಬೆಳಿಗ್ಗೆ ಕಾಡೆಲ್ಲ ಹಾರಿ, ಯಾವ ಕೇರಿಯಲ್ಲಿ ಎಷ್ಟು ಬೇವು ಕಂಡಿತೆಂದು ಹುಲಿರಾಯನಿಗೆ ಹೇಳುತ್ತಿತ್ತು. ಬೇವು ಹೆಚ್ಚಿದ್ದ ಕೇರಿಗೆ ಕರಡಿ ವೈದ್ಯ ಮದ್ದಿನ ಬೇರು ಹೊತ್ತು ಹೋಗುತ್ತಿದ್ದ. ಎಲ್ಲ ಸಲೀಸಾಗಿತ್ತು. ಕೆಡಿಸಿದ್ದು ಹುಲಿರಾಯನ ಒಂದೇ ಮಾತು.

"ಯಾವ ಕೇರಿಯಲ್ಲಿ ಬೇವೇ ಕಾಣುವುದಿಲ್ಲವೋ, ಆ ಕೇರಿಯ ಯಜಮಾನ ನನ್ನ ಪಕ್ಕದ ಬಂಡೆಯ ಮೇಲೆ ಕೂರಲಿ!"

ಹಳ್ಳದ ಕೇರಿಯ ಯಜಮಾನ ಕೆಂಚನೆಂಬ ನರಿ. ಅವನಿಗೆ ಅಂದಿನಿಂದ ನಿದ್ದೆಯೇ ಹತ್ತಲಿಲ್ಲ. ಹುಲಿಯ ಪಕ್ಕದ ಬಂಡೆ! ಅದರ ಮೇಲೆ ತಾನು! ಅಷ್ಟರಲ್ಲಿ ಹಳ್ಳದ ನೀರು ಕೆಟ್ಟು ಕೇರಿಯ ಮರಿಗಳಿಗೆಲ್ಲ ಜ್ವರ ಬಂತು. ಬಾಗಿಲು ಬಾಗಿಲಿಗೂ ಬೇವು. ಕೆಂಚ ಏನು ಮಾಡಿದ ಗೊತ್ತೇ? ಗೊರವಂಕ ಬರುವ ಮೊದಲೇ ಎದ್ದು, ಎಲ್ಲರ ಬೇವನ್ನೂ ಕಿತ್ತು ಬಿಸಾಡಿದ.

ಮೊಲದ ತಾಯಿ ಅಡ್ಡ ಬಂದಳು. "ಕೀಳಬೇಡಿ ಯಜಮಾನ್ರೇ! ಮರಿ ಕಣ್ಣೇ ಬಿಡ್ತಿಲ್ಲ. ಬೇವು ಕಾಣದಿದ್ರೆ ವೈದ್ಯರು ಹೇಗೆ ಬರ್ತಾರೆ?"

"ಕೇರಿಯ ಮರ್ಯಾದೆ ತೆಗೀತೀಯೇನೇ? ಮಕ್ಕಳಿಗೆ ಮೈ ಬಿಸಿಯಾಗುತ್ತೆ, ಇಳಿಯುತ್ತೆ. ಸುಮ್ಮನಿರು!"

ಗೊರವಂಕ ಮೇಲಿನಿಂದಲೇ ನೋಡಿತು. ಒಂದೆಲೆಯೂ ಕಾಣಲಿಲ್ಲ. ಕಂಡದ್ದನ್ನೇ ಹೇಳಿತು. ಹುಲಿರಾಯನೂ ಎದ್ದು ಬಂದು ನೋಡಲಿಲ್ಲ. ವೈದ್ಯ ಬೇವು ಕಂಡ ಗುಡ್ಡದ ಕೇರಿಗೆ ಹೋದ. ಇತ್ತ ಮೊಲದ ಮರಿ ಸತ್ತಿತು. ಅದೇ ದಿನ ಪಾಪಿ ಕೆಂಚ ಬಂಡೆಯ ಮೇಲೆ ಕೂತು ಹೊಗಳಿಸಿಕೊಂಡ.

ಬೀಗುತ್ತ ಮನೆಗೆ ಬಂದರೆ ತನ್ನ ಬಾಗಿಲಲ್ಲೇ ಬೇವು! "ಚುಕ್ಕಿಗೆ ಮೈ ಸುಡ್ತಿದೆ ಕಣ್ರೀ," ಎಂದು ಹೆಂಡತಿ ಅತ್ತಳು. ಕೆಂಚ ಒಳಗೆ ಓಡಿ ಮಗಳ ಹಣೆ ಮುಟ್ಟಿ ನೋಡಿದ. ಇದ್ದವಳು ಅವಳೊಬ್ಬಳೇ ಮಗಳು. ಆದರೂ, ಥೂ, ಆ ಬಂಡೆಯ ಆಸೆ ನೋಡಿ! "ಇದೊಂದು ದಿನ ತಡಿ, ಇಳಿಯುತ್ತೆ," ಎಂದು ಆ ಬೇವನ್ನೂ ಕೈಯಾರೆ ಕಿತ್ತ.

ಮರುದಿನ ಚುಕ್ಕಿ ಗುಟುಕು ನೀರನ್ನೂ ನುಂಗಲಿಲ್ಲ. ಕೆಂಚ ಎದ್ದೆನೋ ಬಿದ್ದೆನೋ ಎಂದು ಗುಡ್ಡಕ್ಕೆ ಓಡಿ ಕರಡಿಯ ಕಾಲು ಹಿಡಿದ. "ಬೇರು ಕೊಡಿ ವೈದ್ಯರೇ, ಮಗಳು ಕೈ ಬಿಟ್ಟು ಹೋಗ್ತಾಳೆ!"

ಕರಡಿ ಖಾಲಿ ಜೋಳಿಗೆ ಕೊಡವಿದ. "ನಿನ್ನ ಕೇರಿಯಲ್ಲಿ ಜ್ವರವೇ ಇಲ್ಲ ಅಂತಲ್ಲೋ ಸುದ್ದಿ ಬಂದಿದ್ದು! ಇದ್ದದ್ದೆಲ್ಲ ಇಲ್ಲೇ ಅರೆದು ಕುಡಿಸಿಬಿಟ್ಟೆ. ನಡಿ, ಹೊಸದಾಗಿ ಅಗೆದು ತರ್ತೀನಿ."

ಅವನು ಬೇರು ಅಗೆದು ತರುವಷ್ಟರಲ್ಲಿ ಚುಕ್ಕಿಯ ಮೈ ತಣ್ಣಗಾಗಿತ್ತು.

ಕೆಂಚ ಮಗಳನ್ನು ಅವಚಿಕೊಂಡು ಗೋಳಾಡಿದ. ಕೇರಿಯವರು ಯಾರೂ ಇಣುಕಲಿಲ್ಲ. ಮೊಲದ ತಾಯಿ ಒಬ್ಬಳು ಬಂದಳು. "ನನ್ನ ಮಗಳನ್ನು ನಾನೇ ಕೊಂದೆನಲ್ಲೇ ತಾಯಿ!" ಎಂದು ಕೆಂಚ ಕೂಗಿದ.

"ನನ್ನ ಮರಿಯನ್ನೂ," ಅಂದಳು ಅವಳು. ಆಮೇಲೆ ಕರಡಿಯ ಕಡೆ ತಿರುಗಿದಳು. "ಬೇರು ತೊಗೊಂಡು ಬನ್ನಿ ವೈದ್ಯರೇ. ಯಾವ್ಯಾವ ಮನೆಯಲ್ಲಿ ಜ್ವರ ಇದೆ ಅಂತ ನಾನು ತೋರಿಸ್ತೀನಿ." ಕೆಂಚನನ್ನು ತಿರುಗಿಯೂ ನೋಡದೆ ಇಬ್ಬರೂ ಹೊರಟುಹೋದರು.

ನೀತಿ: ಹೆಸರಿಗಾಗಿ ರೋಗದ ಲೆಕ್ಕ ಮುಚ್ಚಿಟ್ಟರೆ ಮದ್ದು ದಾರಿ ತಪ್ಪುತ್ತದೆ, ಮುಚ್ಚಿಟ್ಟವನ ಮನೆಗೂ ಅದು ಹೊತ್ತಿಗೆ ಬರುವುದಿಲ್ಲ.