ಅಗಿದ ಅಕ್ಕಿಯ ಲೆಕ್ಕ

“ಗುರುಗಳೇ, ಒಂದು ಮಡಕೆಯ ಲೆಕ್ಕಕ್ಕೆ ಮೂರು ದಿನ ಯಾಕೆ?” ಎಂದು ಅಡವೀಶ ಕೇಳಿದ.

ಅವನು ಮಠಕ್ಕೆ ಗಣಿತ ಕಲಿಯಲು ಬಂದು ಎರಡು ವರ್ಷವಾಗಿತ್ತು. ಭಿನ್ನರಾಶಿ, ಸರಾಸರಿ ಎಲ್ಲ ಮುಗಿದು ಸಂಭವನೀಯತೆಯ ಲೆಕ್ಕಗಳು ಶುರುವಾಗಿದ್ದವು. ಗುರುಗಳು ಕೊಟ್ಟದ್ದು ಇದು: ಒಬ್ಬ ಕುಂಬಾರನ ಬಳಿ ಸಾವಿರ ಮಡಕೆಗಳಿವೆ. ಅವುಗಳಲ್ಲಿ ಹತ್ತು ಬಿರುಕು ಬಿಟ್ಟಿವೆ. ಬೆರಳಿನಿಂದ ತಟ್ಟಿದರೆ ಬಿರುಕು ಬಿಟ್ಟ ಹತ್ತರಲ್ಲಿ ಒಂಬತ್ತು ಮಂಕಾಗಿ ಸದ್ದು ಮಾಡುತ್ತವೆ. ಗಟ್ಟಿ ಮಡಕೆಗಳಲ್ಲೂ ಹತ್ತಕ್ಕೊಂದು ಹಾಗೆಯೇ ಸದ್ದು ಮಾಡುತ್ತದೆ. ಕುಂಬಾರ ಕಣ್ಣು ಮುಚ್ಚಿ ಒಂದು ಮಡಕೆ ತೆಗೆದು ತಟ್ಟಿದ. ಮಂಕು ಸದ್ದು ಬಂತು. ಅದು ಬಿರುಕು ಬಿಟ್ಟದ್ದಾಗಿರುವ ಸಂಭವ ಎಷ್ಟು?

ಅಡವೀಶ ಹಲಗೆಯ ಮೇಲೆ ‘ಹತ್ತರಲ್ಲಿ ಒಂಬತ್ತು’ ಎಂದು ಬರೆದಿದ್ದ. ಗುರುಗಳು ಅದನ್ನು ಹೊಡೆದು ಹಾಕಿ, ಕೆಳಗೆ ‘ಯಾವ ಹತ್ತು?’ ಎಂದು ಬರೆದುಕೊಟ್ಟಿದ್ದರು. ಎರಡನೆಯ ದಿನವೂ ಹಾಗೇ ಆಯಿತು, ಮೂರನೆಯ ದಿನವೂ ಹಾಗೇ ಆಯಿತು.

“ತಪ್ಪಾದರೆ ತಪ್ಪಾಯಿತು ಬಿಡಿ,” ಎಂದ ಅಡವೀಶ. “ಬಿರುಕಿದೆ ಎಂದು ಒಡೆದು ಹಾಕಿದರೆ ಹೋಗುವುದು ಒಂದು ಮಡಕೆ. ಕುಂಬಾರ ಇನ್ನೊಂದು ಮಾಡಿಕೊಳ್ಳುತ್ತಾನೆ.”

“ಭಲೇ!” ಎಂದರು ಗುರುಗಳು. ಅವರ ಮುಖ ಕೆಂಪಾಗಿತ್ತು. “ಮಹಾ ಉದಾರಿ ನೀನು, ಬೇರೆಯವರ ಮಡಕೆ ಒಡೆಯುವುದರಲ್ಲಿ. ಬಳಪ ಕೆಳಗಿಡು. ನಾನು ಹೇಳುವುದನ್ನು ಕೇಳು.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಯಜಮಾನ ಇದ್ದ. ಊರಿಗೆ ನ್ಯಾಯ ಹೇಳುವವನು ಅವನೇ. ಚಿಕ್ಕ ವಯಸ್ಸು, ಆದರೆ ಮಾತು ಒಂದೇ. ಹೇಳಿದ ಮೇಲೆ ಬದಲಿಸಿದವನಲ್ಲ. ಅದನ್ನು ಜನ ಹೊಗಳುತ್ತಿದ್ದರು, ಅವನೂ ಕೇಳಿ ಹಿಗ್ಗುತ್ತಿದ್ದ. ಹಿಗ್ಗದೆ ಏನು? ಹೊಗಳಿಕೆ ಯಾರಿಗೆ ಬೇಡ?

ಅವನ ತಾಯಿ ಅವನು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಸಾಕಿದವಳು ಅಕ್ಕ. ಒಮ್ಮೆ ಅವನಿಗೆ ಜ್ವರ ಬಂದು ಕೈಬಿಟ್ಟು ಹೋಗುವಂತಾದಾಗ ಅಕ್ಕ ಸೋಮವಾರದ ಉಪವಾಸದ ಹರಕೆ ಹೊತ್ತಳು. ತಮ್ಮ ಬದುಕಿದ. ಅಕ್ಕ ಉಪವಾಸ ಬಿಡಲಿಲ್ಲ. ಅವಳು ಮದುವೆಯಾಗಿ ಹೋದಳು, ಗಂಡ ಸತ್ತ ಮೇಲೆ ತಮ್ಮನ ಮನೆಗೇ ಬಂದಳು. ಸೋಮವಾರ ಮಾತ್ರ ಸಂಜೆಯವರೆಗೆ ನೀರೂ ಮುಟ್ಟುತ್ತಿರಲಿಲ್ಲ.

ಯಜಮಾನನ ಬಳಿ ಕಳ್ಳನನ್ನು ಹಿಡಿಯುವ ಒಂದು ಪರೀಕ್ಷೆ ಇತ್ತು. ಹಿಡಿ ಅಕ್ಕಿ ಕೊಟ್ಟು ಅಗಿಸಿ, ವೀಳ್ಯದೆಲೆಯ ಮೇಲೆ ಉಗಿಸುವುದು. ಕಳ್ಳನಿಗೆ ಹೆದರಿಕೆಯಿಂದ ಬಾಯಿ ಒಣಗಿರುತ್ತದೆ, ಅಕ್ಕಿ ಒಣಗಿದ ಹಿಟ್ಟಾಗಿ ಬೀಳುತ್ತದೆ ಎಂಬುದು ಅದರ ತತ್ವ. ಅವನೇನು ಕಣ್ಣು ಮುಚ್ಚಿ ನಂಬಿರಲಿಲ್ಲ. ಮಾಲು ಸಮೇತ ಸಿಕ್ಕಿಬಿದ್ದ ಹತ್ತು ಕಳ್ಳರಿಗೆ ಅಕ್ಕಿ ಕೊಟ್ಟು ನೋಡಿದ್ದ. ಒಂಬತ್ತು ಜನರದು ಒಣಗಿತ್ತು. ಹತ್ತರಲ್ಲಿ ಒಂಬತ್ತು! ಇನ್ನೇನು ಬೇಕು? ನೀನೂ ಅಷ್ಟೇ ತಾನೇ ಬರೆದದ್ದು, ಅಡವೀಶ? ಒಳ್ಳೆಯವರಿಗೆ ಅಕ್ಕಿ ಕೊಟ್ಟು ನೋಡಬೇಕೆಂದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ.

ಒಂದು ದಿನ ಊರಿನ ವರ್ತಕನ ಮನೆಯಲ್ಲಿ ಮಗುವಿನ ನಾಮಕರಣ. ನೂರು ಜನ ಸೇರಿದ್ದರು. ತೊಟ್ಟಿಲಿಗೆ ಹಾಕುವಾಗ ಮಗುವಿನ ಸೊಂಟದಲ್ಲಿದ್ದ ಚಿನ್ನದ ಉಡಿದಾರ, ಎತ್ತಿಕೊಳ್ಳುವಾಗ ಇರಲಿಲ್ಲ. ಹುಡುಕಾಡಿದರು, ಸಿಗಲಿಲ್ಲ. ಯಜಮಾನ ಅಂಗಳದ ಬಾಗಿಲು ಹಾಕಿಸಿದ. ನೂರು ಎಲೆ ತರಿಸಿದ, ಮೊರದಲ್ಲಿ ಅಕ್ಕಿ ತರಿಸಿದ. ಜನ ಸಾಲಾಗಿ ನಿಂತರು.

ಮೂವತ್ತು ಜನ ಅಗಿದು ಉಗಿದರು. ಎಲ್ಲರದೂ ಒದ್ದೆಯಾಗಿತ್ತು. ಮೂವತ್ತೊಂದನೆಯವಳು ಅಕ್ಕ. ಅವಳ ಎಲೆಯ ಮೇಲೆ ಬಿದ್ದದ್ದು ಒಣ ಹಿಟ್ಟು.

ಅಕ್ಕ ಮೆಲ್ಲಗೆ ಹೇಳಿದಳು. “ಇವತ್ತು ಸೋಮವಾರ ಕಣೋ ತಮ್ಮಾ. ಬೆಳಗಿಂದ ಗುಟುಕು ನೀರೂ ಕುಡಿದಿಲ್ಲ. ನಿನಗೆ ಗೊತ್ತಲ್ಲ.”

ಅವನಿಗೆ ಗೊತ್ತಿತ್ತು. ಬೇರೆ ಯಾರಾದರೂ ಆ ಮಾತು ಹೇಳಿದ್ದರೆ, ನೀರು ಕುಡಿಸಿ ಇನ್ನೊಮ್ಮೆ ಅಗಿಸುತ್ತಿದ್ದನೇನೋ. ಹೇಳಿದವಳು ಒಡಹುಟ್ಟಿದವಳು. ನೂರು ಜನರ ಕಣ್ಣು ಅವನ ಮೇಲಿತ್ತು. ಅಕ್ಕನನ್ನು ಬಿಟ್ಟನಂತೆ ಎಂಬ ಮಾತು ನಾಳೆ ಬರುತ್ತದಲ್ಲ ಎಂದು ಅಂಜಿದ. ಅವಳ ಸೆರಗಿನ ಗಂಟು ಬಿಚ್ಚಿಸಿ ನೋಡಿದರು, ಏನೂ ಇರಲಿಲ್ಲ. ಎಲ್ಲೋ ದಾಟಿಸಿದ್ದಾಳೆ ಎಂದರು ಯಾರೋ. ಅವನು ಊರು ಬಿಡು ಎಂದ. ಅವಳು ಅಳಲಿಲ್ಲ. ಅವನ ಮುಖವನ್ನು ಒಮ್ಮೆ ನೋಡಿ, ಸೆರಗು ಹೊದ್ದು ಹೊರಟುಹೋದಳು.

ಪರೀಕ್ಷೆ ಅಲ್ಲಿಗೇ ನಿಂತಿತು. ಕಳ್ಳಿ ಸಿಕ್ಕ ಮೇಲೆ ಉಳಿದ ಅರವತ್ತೊಂಬತ್ತು ಜನ ಯಾಕೆ ಅಗಿಯಬೇಕು? ಅವರು ಮನೆಗೆ ಹೋದರು. ಸ್ವಂತ ಅಕ್ಕನನ್ನೂ ಬಿಡಲಿಲ್ಲ, ನ್ಯಾಯ ಎಂದರೆ ಇದು ಎಂದು ಸುತ್ತಲಿನ ಏಳು ಹಳ್ಳಿಗಳಲ್ಲಿ ಹೊಗಳಿದರು. ಥೂ, ಎಂಥ ಹೊಗಳಿಕೆ ಅದು!

ಹತ್ತು ತಿಂಗಳಾಯಿತು. ವರ್ತಕನ ಮನೆಯ ಹೆಂಗಸರು ನಾಮಕರಣದ ಮೇಲೆ ಮಡಿಸಿಟ್ಟಿದ್ದ ತೊಟ್ಟಿಲಿನ ಕೌದಿಯನ್ನು ಒಗೆಯಲು ಕೆರೆಗೆ ಒಯ್ದರು. ಕಲ್ಲಿಗೆ ಬಡಿದಾಗ ಒಳಗೇನೋ ಗಟ್ಟಿ ತಾಗಿತು. ಹೊಲಿಗೆ ಬಿಟ್ಟಿದ್ದ ಒಂದು ಮೂಲೆಯಿಂದ ಉಡಿದಾರ ಒಳಗೆ ಜಾರಿ, ಎರಡು ಪದರಗಳ ನಡುವೆ ಕೂತಿತ್ತು. ಕಳ್ಳತನವೇ ಆಗಿರಲಿಲ್ಲ. ನೂರು ಜನರಲ್ಲಿ ಒಬ್ಬ ಕಳ್ಳನೂ ಇರಲಿಲ್ಲ.

ಸುದ್ದಿ ಹರಡಿದ ಮೇಲೆ ಒಬ್ಬ ನೇಕಾರ ಯಜಮಾನನ ಮನೆಗೆ ಬಂದ. ಕೂರಲಿಲ್ಲ. “ಆ ದಿನ ನಾನು ನಿಮ್ಮಕ್ಕನ ಹಿಂದೆಯೇ ನಿಂತಿದ್ದೆ. ನನ್ನ ಬಾಯಲ್ಲಿ ಒಂದು ಹನಿ ನೀರಿರಲಿಲ್ಲ. ನಾನೇನೂ ಕದ್ದಿರಲಿಲ್ಲ, ಆದರೂ ಪ್ರಾಣ ಬಾಯಿಗೆ ಬಂದಿತ್ತು. ಪರೀಕ್ಷೆ ಅವರ ಹತ್ತಿರವೇ ನಿಂತಿತಲ್ಲ, ಬದುಕಿದೆ ಅಂದುಕೊಂಡೆ. ನನ್ನನ್ನು ಕ್ಷಮಿಸಿ,” ಎಂದ. ಮರುದಿನ ವರ್ತಕನ ಸೊಸೆ ಬಂದು ಅದೇ ಹೇಳಿ ಅತ್ತಳು. ಆಮೇಲೆ ಪೂಜಾರಿ ಬಂದ. ಹೀಗೆ ಒಂದು ತಿಂಗಳೊಳಗೆ ಏಳು ಜನ ಬಂದರು. ಏಳೂ ಜನ ಅಗಿಯದೆ ಉಳಿದವರು, ಏಳೂ ಜನ ನಿರಪರಾಧಿಗಳು. ಸಾಲು ಕೊನೆಯವರೆಗೆ ನಡೆದಿದ್ದರೆ ಅವರ ಎಲೆಗಳ ಮೇಲೂ ಒಣ ಹಿಟ್ಟೇ ಬೀಳುತ್ತಿತ್ತು. ಒಂದು ಉಡಿದಾರಕ್ಕೆ ಎಂಟು ಕಳ್ಳರೇ ಎಂದು ಎಂಥ ಪೆದ್ದನೂ ಕೇಳುತ್ತಿದ್ದ. ಕಳ್ಳರ ಬಾಯಿ ಒಣಗುವುದು ನಿಜ. ಆದರೆ ಒಣಗಿದ ಬಾಯಿಗಳಲ್ಲಿ ಕಳ್ಳರದು ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಅವನು ಆಗ ಕೇಳಿಕೊಂಡ, ಹತ್ತು ತಿಂಗಳು ತಡವಾಗಿ.

ಅವನು ಅಕ್ಕನನ್ನು ಹುಡುಕಿಕೊಂಡು ಹೊರಟ. ಗಂಡನ ಕಡೆಯವರು ಅವಳನ್ನು ಒಳಗೆ ಸೇರಿಸಿರಲಿಲ್ಲ, ಕಳ್ಳಿ ಎಂಬ ಹೆಸರು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಕೊನೆಗೆ ದೂರದ ಒಂದು ಛತ್ರದಲ್ಲಿ ಸಿಕ್ಕಳು. ದಾರಿಹೋಕರ ಊಟಕ್ಕೆ ರಾಗಿ ಬೀಸುತ್ತಿದ್ದಳು. ಬಹಳ ಸೊರಗಿದ್ದಳು. ಅವನು ಕಾಲಿಗೆ ಬಿದ್ದು ಹೇಳಿದ. “ಉಡಿದಾರ ಸಿಕ್ಕಿತು ಅಕ್ಕಾ. ಮನೆಗೆ ಬಾ.”

ಅಕ್ಕ ಬೀಸುವುದನ್ನು ನಿಲ್ಲಿಸಿದಳು.

“ಅದು ಸಿಗದೇ ಹೋಗಿದ್ದರೆ ಬರುತ್ತಿದ್ದೆಯಾ ತಮ್ಮಾ?” ಎಂದಳು.

ಅವಳು ಅವನಿಗೆ ಮುದ್ದೆ ಬಡಿಸಿದಳು, ಎದುರಿಗೆ ಕೂತು ಉಣ್ಣಿಸಿದಳು, ಎರಡನೆಯ ಸಲವೂ ಸಾರು ಹಾಕಿದಳು. ಆಮೇಲೆ ಮತ್ತೆ ಕಲ್ಲಿನ ಮುಂದೆ ಕೂತಳು. ಅವನ ಜೊತೆ ಬರಲಿಲ್ಲ. ಎರಡು ವರ್ಷದ ಮೇಲೆ ಅಲ್ಲೇ ತೀರಿಕೊಂಡಳು. ಆ ಸುದ್ದಿಯೂ ಅವನಿಗೆ ತಡವಾಗಿಯೇ ತಲುಪಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅಡವೀಶ ಕೆಳಗಿಟ್ಟಿದ್ದ ಬಳಪವನ್ನು ಎತ್ತಿಕೊಂಡ. ಬಿರುಕು ಬಿಟ್ಟ ಹತ್ತರಲ್ಲಿ ಮಂಕು ಸದ್ದಿನವು ಒಂಬತ್ತು. ಗಟ್ಟಿಯಾದ ಒಂಬೈನೂರ ತೊಂಬತ್ತರಲ್ಲಿ ಮಂಕು ಸದ್ದಿನವು ತೊಂಬತ್ತೊಂಬತ್ತು. ಒಟ್ಟು ನೂರ ಎಂಟು. ನೂರ ಎಂಟರಲ್ಲಿ ಒಂಬತ್ತು ಎಂದರೆ ಹನ್ನೆರಡರಲ್ಲಿ ಒಂದು. ಅವನು ಹಲಗೆಯನ್ನು ಗುರುಗಳ ಮುಂದೆ ಹಿಡಿದ.

“ಈಗ ಸರಿ,” ಎಂದರು ಗುರುಗಳು. “ಮಂಕು ಸದ್ದು ಮಾಡಿದ ಹನ್ನೆರಡರಲ್ಲಿ ಹನ್ನೊಂದು ಗಟ್ಟಿ ಮಡಕೆ. ನೀನು ಅವನ್ನೆಲ್ಲ ಒಡೆಯಲು ಹೊರಟಿದ್ದೆ.”

ಅಡವೀಶ ತಲೆ ತಗ್ಗಿಸಿದ. “ಹಾಗಾದರೆ ಆ ದಿನ ಅಂಗಳದಲ್ಲಿ ಒಣಗಿದ್ದ ಬಾಯಿಗಳು ಅಕ್ಕನದು ಸೇರಿ ಎಂಟು, ಅಲ್ಲವೇ ಗುರುಗಳೇ?” ಎಂದು ಕೇಳಿದ.

“ಒಂಬತ್ತು,” ಎಂದರು ಗುರುಗಳು. “ಅವಳಿಗೆ ಊರು ಬಿಡು ಎನ್ನುವಾಗ ನನ್ನ ಬಾಯಿಯೂ ಒಣಗಿತ್ತು.”